ಮೊದಲ ವರ್ಷದ ಪ್ರಾಜೆಕ್ಟ್: ಲೆಕ್ಕದ ಜೊತೆಗೆ ಕಲಿಯಬೇಕಾದದ್ದು

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾವು ನಾಲ್ವರು ಸೇರಿ ಒಂದು ಪುಟ್ಟ ಕ್ರೇನ್ ಮಾಡಿದೆವು. ಇಬ್ಬರು ತಳಭಾಗ ಮಾಡಿದರು, ಉಳಿದ ಇಬ್ಬರು ಭಾರ ಎತ್ತುವ ತೋಳು ಮಾಡಿದೆವು. ಒಪ್ಪಿಸಬೇಕಾದ ದಿನದ ಹಿಂದಿನ ಸಂಜೆ ಎರಡನ್ನೂ ಜೋಡಿಸಲು ಕುಳಿತರೆ ಬೋಲ್ಟ್ ಒಳಗೇ ಹೋಗಲಿಲ್ಲ. ಎರಡೂ ಕಡೆಯವರ ನೋಟ್‌ಬುಕ್ಕಿನಲ್ಲಿ ‘ರಂಧ್ರಗಳ ನಡುವೆ 60 ಮಿ.ಮೀ.’ ಎಂದೇ ಇತ್ತು. ಅವರು ಒಂದು ರಂಧ್ರದ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಅಳೆದಿದ್ದರು, ನಾವು ಒಳ ಅಂಚಿನಿಂದ ಒಳ ಅಂಚಿಗೆ. ರಂಧ್ರದ ವ್ಯಾಸ 6 ಮಿ.ಮೀ.; ವ್ಯತ್ಯಾಸವೂ ಸರಿಯಾಗಿ ಅಷ್ಟೇ ಬಂದಿತ್ತು. ರಾತ್ರಿಯೆಲ್ಲ ಅರ ಹಿಡಿದು ಉಜ್ಜಿ ರಂಧ್ರಗಳನ್ನು ಉದ್ದ ಮಾಡಿದೆವು. ಕ್ರೇನ್ ನಿಂತಿತು, ಆದರೆ ತುಸು ವಾಲಿಕೊಂಡೇ ನಿಂತಿತು.

ನಾಲ್ವರಿಗೂ ಗಣಿತ ಚೆನ್ನಾಗಿ ಬರುತ್ತಿತ್ತು. ಐದು ನಿಮಿಷ ಎದುರುಬದುರು ಕುಳಿತು ಒಂದೇ ಚಿತ್ರ ಬರೆದು, ಅಳತೆ ಎಲ್ಲಿಂದ ಎಲ್ಲಿಗೆ ಎಂದು ಬಾಣ ಹಾಕಿ ತೋರಿಸುವ ಅಭ್ಯಾಸ ಮಾತ್ರ ಇರಲಿಲ್ಲ. ಅನುಭವಿಗಳೂ ಇಲ್ಲಿ ಎಡವುತ್ತಾರೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳದ ಹತ್ತಿರಕ್ಕೆ ಹೋಗಿ ಕಳೆದುಹೋಯಿತು. ಒಂದು ತಂಡದ ತಂತ್ರಾಂಶ ನೂಕುಬಲದ ಲೆಕ್ಕವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್-ಸೆಕೆಂಡು ಎಂದುಕೊಂಡು ಬಳಸಿತ್ತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ಅಂತರ.

ವಿನ್ಯಾಸ, ತಂಡದ ಕೆಲಸ, ವೃತ್ತಿಯ ಶಿಸ್ತು ಇವೆಲ್ಲ ಕೊನೆಯ ವರ್ಷದಲ್ಲಿ ಕಲಿತರಾಯಿತು ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲ ವರ್ಷದಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಒಂದು ರಾತ್ರಿಯ ನಿದ್ದೆ ಮಾತ್ರ. ಅಭ್ಯಾಸ ಬೆಳೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಮತ್ತೆ ಸಿಗುವುದಿಲ್ಲ.

ನೋಟ್‌ಬುಕ್ಕಿನಿಂದ ಶುರು ಮಾಡಿ

ಹಾಳೆ ಕಿತ್ತುಹೋಗದಂತೆ ಹೊಲಿದಿರುವ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪುಟಗಳಿಗೆ ಸಂಖ್ಯೆ ಹಾಕಿ, ಪ್ರತಿ ಸಲ ದಿನಾಂಕ ಬರೆಯಿರಿ, ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಮೂರು ವಾರದ ನಂತರ ‘ಈ ಮೋಟರನ್ನೇ ಏಕೆ ಆರಿಸಿದೆವು?’ ಎಂಬ ಪ್ರಶ್ನೆ ಬಂದಾಗ ಆ ಗೆರೆ ಎಳೆದ ಸಾಲುಗಳೇ ಉತ್ತರ ಹೇಳುತ್ತವೆ. ಪ್ರತಿ ಸಂಖ್ಯೆಯ ಮುಂದೆ ಅದರ ಮಾನ (ಮಿ.ಮೀ., ಕೆ.ಜಿ. ಹೀಗೆ) ಇರಲಿ. ಪ್ರತಿ ಅಳತೆಗೂ ಎರಡು ತುದಿ ಇರಲಿ.

ಕೊಟ್ಟ ಮಾತನ್ನು ಸಂಖ್ಯೆಗೆ ಇಳಿಸಿ

‘ಭಾರ ಎತ್ತುವ ಸಣ್ಣ ಕ್ರೇನ್ ಮಾಡಿ’ ಎಂದು ಅಧ್ಯಾಪಕರು ಹೇಳುತ್ತಾರೆ. ತಂಡ ಕೂಡಲೇ ಕತ್ತರಿ, ಅಂಟು ಹುಡುಕಲು ಎದ್ದುಬಿಡುತ್ತದೆ. ಸ್ವಲ್ಪ ತಡೆಯಿರಿ. ಎಷ್ಟು ಭಾರ? ಎಷ್ಟು ಎತ್ತರಕ್ಕೆ? ಎಷ್ಟು ಹೊತ್ತಿನಲ್ಲಿ? ಎತ್ತಿದ ಮೇಲೆ ಕರೆಂಟ್ ಹೋದರೆ ಭಾರ ಜಾರಿ ಬೀಳಬಹುದೇ? ಅಧ್ಯಾಪಕರ ಬಳಿಗೆ ಹೋಗಿ ಕೇಳಿ. ಕೇಳುವುದು ದಡ್ಡತನ ಎಂಬ ಅಳುಕನ್ನು ಇಲ್ಲೇ ಬಿಡಬೇಕು; ಪ್ರಶ್ನೆ ಕೇಳುವುದು ಈ ವೃತ್ತಿಯ ಅರ್ಧ ಕೆಲಸ.

ಉತ್ತರಗಳು ಹೀಗೆ ಬಂದವು ಎನ್ನೋಣ: 1 ಕೆ.ಜಿ. ಭಾರ, 30 ಸೆಂ.ಮೀ. ಎತ್ತರ, 20 ಸೆಕೆಂಡು, ಮೋಟರ್ ನಿಂತರೂ ಭಾರ ಕೆಳಗೆ ಜಾರಬಾರದು. ಈಗ ಲೆಕ್ಕಕ್ಕೆ ಜೀವ ಬಂತು. ಎತ್ತಲು ಬೇಕಾದ ಶಕ್ತಿ ಸುಮಾರು 2.94 ಜೂಲ್. ಅದನ್ನು 20ರಿಂದ ಭಾಗಿಸಿದರೆ 0.15 ವ್ಯಾಟ್‌ನಷ್ಟಾಗುತ್ತದೆ. ಗೇರುಗಳ ಘರ್ಷಣೆಯಲ್ಲಿ ಒಂದಷ್ಟು ಪೋಲಾಗುವುದರಿಂದ ಮೋಟರ್ ಅದಕ್ಕಿಂತ ಸಾಕಷ್ಟು ಬಲವಾಗಿರಬೇಕು. ಆದರೆ ದೊಡ್ಡ ಮೋಟರೇ ಬೇಕು ಎಂಬ ಭಯ ಅಷ್ಟರಲ್ಲೇ ಹೋಯಿತು. ಇನ್ನು ‘ಜಾರಬಾರದು’ ಎಂಬ ಒಂದು ಶರತ್ತು ವಿನ್ಯಾಸವನ್ನೇ ಬೇರೆ ದಾರಿಗೆ ತಿರುಗಿಸುತ್ತದೆ. ಹಲ್ಲು-ಕೊಕ್ಕೆಯ ತಡೆ ಇಡಬಹುದು, ಇಲ್ಲವೇ ಭಾರದ ಕಡೆಯಿಂದ ಸುಲಭಕ್ಕೆ ಹಿಂದಕ್ಕೆ ತಿರುಗದ ವರ್ಮ್ ಗೇರ್ ಬಳಸಬಹುದು.

ಆರಿಸುವಾಗ ಕಾರಣ ಬರೆದಿಡಿ

ಮಾತಿಗೆ ಮೊದಲು ಐದು ನಿಮಿಷ ಎಲ್ಲರೂ ಮೌನವಾಗಿ ತಮ್ಮ ತಮ್ಮ ಕಲ್ಪನೆಯನ್ನು ಚಿತ್ರ ಬರೆಯಲಿ. ಸಭೆಯಲ್ಲಿ ಬಾಯಿ ಬಿಡದ ಗೆಳೆಯನ ಹಾಳೆಯಲ್ಲಿ ಒಳ್ಳೆಯ ಉಪಾಯ ಇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಂತರ ಒಂದು ಕೋಷ್ಟಕ ಹಾಕಿ. ಭಾರ ಜಾರದಿರುವುದಕ್ಕೆ 5, ಮಾಡಲು ಸುಲಭವಾಗಿರುವುದಕ್ಕೆ 3, ವೇಗಕ್ಕೆ 2 ಎಂದು ಮಹತ್ವದ ಅಂಕ ಕೊಟ್ಟು ಪ್ರತಿ ಉಪಾಯವನ್ನೂ ತೂಗಿ. ಗೆದ್ದ ಉಪಾಯ ಮನಸ್ಸಿಗೆ ಒಪ್ಪದಿದ್ದರೆ ಅಂಕ ತಿದ್ದಿ ನಿಮಗೆ ಬೇಕಾದದ್ದನ್ನು ಗೆಲ್ಲಿಸಬೇಡಿ. ಏಕೆ ಒಪ್ಪುತ್ತಿಲ್ಲ ಎಂದು ಕೇಳಿಕೊಳ್ಳಿ. ಬಹುಪಾಲು ಅಲ್ಲಿ ನೀವು ಪಟ್ಟಿ ಮಾಡಲು ಮರೆತ ಒಂದು ಶರತ್ತು ಅಡಗಿರುತ್ತದೆ.

ಮೊದಲ ವಾರವೇ ರಟ್ಟಿನ ಮಾದರಿ

ಚೆಂದ ಕಾಣಬೇಕಿಲ್ಲ, ಮುರಿದರೂ ಸರಿಯೇ. 1901ರಲ್ಲಿ ತಮ್ಮ ಗ್ಲೈಡರ್ ನಿರೀಕ್ಷೆಯಷ್ಟು ಮೇಲೇಳದಿದ್ದಾಗ ರೈಟ್ ಸಹೋದರರು ಗಾಳಿಸುರಂಗವೊಂದನ್ನು ತಾವೇ ಕಟ್ಟಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಅದರೊಳಗಿಟ್ಟು ಪರೀಕ್ಷಿಸಿದರು. ದೊಡ್ಡದನ್ನು ಮತ್ತೆ ಕಟ್ಟುವ ಮುಂಚೆ ಚಿಕ್ಕದರಲ್ಲಿ ಸೋತು ಕಲಿತರು.

ತಂಡ ಕಟ್ಟುವುದೂ ವಿನ್ಯಾಸವೇ

ಮೊದಲ ಸಭೆಯಲ್ಲಿ ಯಂತ್ರದ ಮಾತು ಎತ್ತುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಎಲ್ಲರಿಗೂ ಬಿಡುವಿರುವ ಹೊತ್ತು ಯಾವುದು? ಸಂದೇಶ, ಕಡತಗಳೆಲ್ಲ ಯಾವ ಒಂದು ಜಾಗದಲ್ಲಿ ಇರಬೇಕು? ಭಿನ್ನಾಭಿಪ್ರಾಯ ಬಂದರೆ ತೀರ್ಮಾನ ಹೇಗೆ? ಹೇಳಿದ ಹೊತ್ತಿಗೆ ಕೆಲಸ ಮುಗಿಯುವಂತಿಲ್ಲದಿದ್ದರೆ ಎಷ್ಟು ಮುಂಚೆ ತಿಳಿಸಬೇಕು? ಕೊನೆಯದಕ್ಕೆ ‘ಒಂದು ದಿನ ಮುಂಚೆ’ ಎಂಬ ಉತ್ತರ ಒಳ್ಳೆಯದು.

ಪ್ರತಿ ಸಭೆಯ ಕೊನೆಯಲ್ಲಿ ಯಾರು, ಏನು, ಯಾವಾಗ ಎಂದು ಬರೆಯಿರಿ. ‘ಶಾಫ್ಟ್ (ತಿರುಗುವ ದಂಡ) ಕೆಲಸ ನೋಡಿಕೊಳ್ಳೋಣ’ ಎಂಬ ಸಾಲು ಯಾರ ಕೆಲಸವೂ ಅಲ್ಲ. ‘ಶಾಫ್ಟ್ ಕತ್ತರಿಸುವುದು, ನಾನು, ಬುಧವಾರ ಸಂಜೆ’ ಎಂದು ಬರೆದಾಗ ಅದಕ್ಕೊಬ್ಬ ಒಡೆಯ ಹುಟ್ಟುತ್ತಾನೆ.

ಒಂದು ವಿಷಯ ಒತ್ತಿ ಹೇಳಬೇಕು. ಕೈಬರಹ ಚೆನ್ನಾಗಿದೆ ಎಂದು ಒಬ್ಬಳಿಗೆ ವರದಿ ಬರೆಯುವ ಕೆಲಸ, ಉಪಕರಣ ಬಳಸಿ ಗೊತ್ತಿದೆ ಎಂದು ಒಬ್ಬನಿಗೆ ಡ್ರಿಲ್ ಹಿಡಿಯುವ ಕೆಲಸ ಎಂಬ ಹಂಚಿಕೆ ತಾನಾಗಿ ಆಗಿಬಿಡುತ್ತದೆ. ವರ್ಷದ ಕೊನೆಗೆ ಅವಳಿಗೆ ಡ್ರಿಲ್ ಹಿಡಿಯಲು ಬರುವುದಿಲ್ಲ, ಅವನಿಗೆ ಒಂದು ಪುಟ ಬರೆಯಲು ಬರುವುದಿಲ್ಲ. ಇಬ್ಬರಿಗೂ ಅನ್ಯಾಯ. ಎರಡು ವಾರಕ್ಕೊಮ್ಮೆ ಕೆಲಸ ಅದಲುಬದಲು ಮಾಡಿ. ಗೊತ್ತಿದ್ದವರು ಪಕ್ಕದಲ್ಲಿ ನಿಂತು ಕಲಿಸಲಿ. ಕೆಲಸ ನಿಧಾನವಾಗುತ್ತದೆ, ಆಗಲಿ.

ಜಗಳ ಬಂದೇ ಬರುತ್ತದೆ. ತಂಡಗಳು ಒಂದುಗೂಡುವ, ಗುದ್ದಾಡುವ, ಹೊಂದಿಕೊಳ್ಳುವ, ಆಮೇಲೆ ಕೆಲಸ ಸಾಗಿಸುವ ಹಂತಗಳನ್ನು ಹಾಯುತ್ತವೆ ಎಂದು ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದರು. ಹಾಗಾಗಿ ಮೂರನೇ ವಾರದ ವಾಗ್ವಾದಕ್ಕೆ ಹೆದರಿ ತಂಡ ಬದಲಿಸಿಕೊಡಿ ಎಂದು ಓಡಬೇಡಿ. ‘ನೀನು ಯಾವಾಗಲೂ ಹೀಗೆಯೇ’ ಎನ್ನುವ ಬದಲು ಕೆಲಸದ ಬಗ್ಗೆ ಮಾತಾಡಿ: ‘ಬುಧವಾರ ಶಾಫ್ಟ್ ಬರಬೇಕಿತ್ತು, ಬರಲಿಲ್ಲ. ಗುರುವಾರದ ಜೋಡಣೆ ನಿಂತುಹೋಯಿತು. ಏನಾಯಿತು?’ ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಕೆಲವೊಮ್ಮೆ ಆ ಗೆಳೆಯನಿಗೆ ಗರಗಸ ಹಿಡಿಯುವುದೇ ಗೊತ್ತಿರುವುದಿಲ್ಲ, ಹೇಳಲು ಸಂಕೋಚಪಟ್ಟಿರುತ್ತಾನೆ.

ಬದಲಾವಣೆಯನ್ನು ಬಾಯಿಮಾತಿಗೆ ಬಿಡಬೇಡಿ

1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಒಂದರ ಕೆಳಗೊಂದು ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ಉಕ್ಕಿನ ಸರಳುಗಳೇ ಎರಡೂ ನಡೆದಾರಿಗಳನ್ನು ಹೊರಬೇಕಿತ್ತು. ಕಟ್ಟುವಾಗ ಒಂದು ಉದ್ದ ಸರಳಿನ ಜಾಗಕ್ಕೆ ಎರಡು ಗಿಡ್ಡ ಸರಳುಗಳು ಬಂದವು, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೇ ನೇತುಹಾಕಲಾಯಿತು. ನೋಡಲು ಸಣ್ಣ ಬದಲಾವಣೆ. ಆದರೆ ಮೇಲಿನ ತೊಲೆಯ ಅಡಿಯ ನಟ್‌ಗಳ ಮೇಲೆ ಈಗ ಎರಡೂ ದಾರಿಗಳ ಭಾರ ಬಿತ್ತು, ಅಂದರೆ ಎಣಿಸಿದ್ದಕ್ಕಿಂತ ಎರಡು ಪಟ್ಟು. ಆ ಜೋಡಣೆಗೆ ಹೊಸದಾಗಿ ಲೆಕ್ಕ ಹಾಕಿ ನೋಡುವ ಕೆಲಸ ಮಾತ್ರ ಆಗಲಿಲ್ಲ.

ಈ ನಕ್ಷೆಯನ್ನು ಪ್ರತಿ ಮೊದಲ ವರ್ಷದ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಬರೆದು ನೋಡಬೇಕು ಎಂಬುದು ನನ್ನ ಆಸೆ. ಹತ್ತು ನಿಮಿಷ ಸಾಕು. ಯಾವ ನಟ್ ಎಷ್ಟು ಹೊರುತ್ತದೆ ಎಂದು ಬಾಣ ಹಾಕುತ್ತಾ ಹೋದಂತೆ ಮೈ ಜುಮ್ಮೆನ್ನುತ್ತದೆ. ನಿಮ್ಮ ತಂಡದಲ್ಲೂ ಒಂದು ಅಳತೆ, ಒಂದು ವಸ್ತು ಬದಲಾದರೆ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ, ಅದನ್ನು ಮುಟ್ಟುವ ಎಲ್ಲರಿಗೂ ತಿಳಿಸಿ, ಬದಲಾವಣೆ ಮಾಡದ ಇನ್ನೊಬ್ಬರಿಂದ ಲೆಕ್ಕ ಮತ್ತೆ ಹಾಕಿಸಿ.

ತೋರಿಸಿದ ಮೇಲೆ

ಪ್ರದರ್ಶನಕ್ಕೆ ಮುಂಚೆ ಬೇರೆ ವಿಭಾಗದ ಒಬ್ಬ ಗೆಳೆಯನಿಗೆ ಮೂರು ನಿಮಿಷದಲ್ಲಿ ವಿವರಿಸಿ. ಅವನ ಹುಬ್ಬು ಗಂಟಿಕ್ಕಿದ ಕಡೆ ನಿಮ್ಮ ವಿವರಣೆ ತಿದ್ದಿ. ಪ್ರದರ್ಶನ ಮುಗಿದ ದಿನವೇ, ಅಂಕ ಬರುವ ಮುಂಚೆ, ನಾಲ್ವರೂ ಕುಳಿತು ಒಂದು ಪುಟ ಬರೆಯಿರಿ. 20 ಸೆಕೆಂಡು ಎಂದುಕೊಂಡದ್ದು ಎಷ್ಟಾಯಿತು? ಭಾರ ಜಾರಿತೇ? ಯಾವ ಕೆಲಸಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು? ಪ್ರತಿಯೊಬ್ಬರೂ ಉಳಿದ ಮೂವರಿಗೆ ಒಂದೊಂದು ಮೆಚ್ಚುಗೆ, ಒಂದೊಂದು ಸಲಹೆ ಹೇಳಲಿ. ಮುಂದಿನ ಸೆಮಿಸ್ಟರಿನಲ್ಲಿ ಹೊಸ ತಂಡದ ಮೊದಲ ಸಭೆಗೆ ಹೋಗುವಾಗ ಆ ಪುಟವನ್ನು ಜೊತೆಗೆ ತೆಗೆದುಕೊಂಡು ಹೋಗಿ.