ಹದಿಹರೆಯದ ಮಗು ಮಂಕಾದಾಗ: ಏನು ನೋಡಬೇಕು, ಹೇಗೆ ಕೇಳಬೇಕು

ಹತ್ತನೇ ತರಗತಿಯ ಹುಡುಗ ಬಾಗಿಲು ಹಾಕಿಕೊಂಡು ಕೂರುತ್ತಾನೆ, ಕರೆದರೆ ಸಿಡುಕುತ್ತಾನೆ. ವಯಸ್ಸಿನ ಗುಣವೋ, ಕಾಯಿಲೆಯೋ? ಒಂದು ದಿನ ನೋಡಿ ಹೇಳಲಾಗದು. ಎರಡು ವಾರ ಗಮನಿಸಿ.

ಬರೆದಿಡಿ

ನಿದ್ದೆ, ಊಟ, ಗೆಳೆಯರು, ಓದು, ಇಷ್ಟದ ಆಟ: ದಿನಕ್ಕೊಂದು ಸಾಲು ಸಾಕು. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ, ಮೂರು ತಿಂಗಳ ಹಿಂದೆ ಇವನೇ ಹೇಗಿದ್ದ ನೋಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಟ್ಯೂಷನ್ ಮುಗಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ ರಾತ್ರಿ ಮನೆ ಸೇರುವ ಬೆಂಗಳೂರಿನ ಮಕ್ಕಳಿಗೆ ಅದು ಸಿಗುವುದೇ ಕಷ್ಟ, ಹಾಗಾಗಿ ಬರೀ ಸುಸ್ತನ್ನು ಕಾಯಿಲೆ ಎನ್ನಬೇಡಿ. ಆದರೆ ರಜೆಯಲ್ಲೂ ನಿದ್ದೆ ಬಾರದಿದ್ದರೆ, ಶಾಲೆಯ ದಿನ ಬೆಳಗ್ಗೆ ಮಾತ್ರ ಹೊಟ್ಟೆನೋವು ಬರುತ್ತಿದ್ದರೆ ಗುರುತು ಹಾಕಿಕೊಳ್ಳಿ.

ಹೆಚ್ಚಿನವರು ಎಡವುವುದು ಸಿಟ್ಟಿನ ವಿಷಯದಲ್ಲಿ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿ ಕಾಣುವುದುಂಟು. ಮನೆಯವರು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟು ಬೈಯುತ್ತಾರೆ, ಮಗು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ.

ಸಾವಿನ ಮಾತು, ಮೈಮೇಲೆ ಕೊಯ್ದ ಗುರುತು, ಊಟ ಪೂರ್ತಿ ಬಿಡುವುದು, ಯಾರೂ ಇಲ್ಲದಾಗ ದನಿ ಕೇಳಿಸುವುದು: ಇವು ಕಂಡರೆ ಎರಡು ವಾರ ಕಾಯಬೇಡಿ.

ಕೇಳಿ

ಮಾರ್ಕ್ಸ್ ಕಾರ್ಡ್ ಬಂದ ದಿನ ಬೇಡ, ಅಜ್ಜಿಯೋ ನೆಂಟರೋ ಎದುರಿಗಿದ್ದಾಗಲೂ ಬೇಡ. ಸಂಜೆ ಹಾಲು ತರಲು ಜೊತೆಗೆ ನಡೆದು ಹೋಗುವಾಗ ಮಾತು ಸಲೀಸು. ಮುಖ ಮುಖ ನೋಡುವ ಇಕ್ಕಟ್ಟಿರುವುದಿಲ್ಲ. ಕಂಡದ್ದನ್ನಷ್ಟೇ ಹೇಳಿ: “ಎರಡು ವಾರದಿಂದ ಆಟಕ್ಕೆ ಹೋಗ್ತಿಲ್ಲ, ರಾತ್ರಿಯೆಲ್ಲ ಎದ್ದಿರ್ತೀಯ. ಏನಾಗ್ತಿದೆ ಕಣೋ?” ಆಮೇಲೆ ಸುಮ್ಮನಿರಿ. “ಏನಿಲ್ಲ ಬಿಡಮ್ಮ” ಎಂದರೆ ಒತ್ತಾಯಿಸಬೇಡಿ. “ಸರಿ, ನಾಳೆ ಮತ್ತೆ ಕೇಳ್ತೀನಿ” ಎನ್ನಿ, ಮರುದಿನ ನಿಜವಾಗಿಯೂ ಕೇಳಿ.

“ನಿನಗೇನು ಕಡಿಮೆ ಮಾಡಿದೀವಿ?” ಎಂಬ ಪ್ರಶ್ನೆ ಬಾಯಿಗೆ ಬರುತ್ತದೆ, ತಡೆಯಿರಿ. ಅದನ್ನು ಕೇಳಿದ ಮಗು ತನ್ನ ನೋವು ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ನಿಲ್ಲುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತನ್ನೂ ಕೊಡಬೇಡಿ; ಜೀವದ ಪ್ರಶ್ನೆ ಬಂದರೆ ಆ ಮಾತು ಮುರಿಯಬೇಕಾಗುತ್ತದೆ.

ಅನುಮಾನವಿದ್ದರೆ ನೇರವಾಗಿ ಕೇಳಿ: “ಸಾಯಬೇಕು ಅನ್ನಿಸ್ತಿದೆಯಾ?” ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಒಂಟಿಯಾಗಿ ಹೊತ್ತಿದ್ದು ಹೊರಬರುತ್ತದೆ. ಹೌದು ಎಂದರೆ ಬೈಯಬೇಡಿ, ದೇವರಾಣೆ ಹಾಕಿಸಿಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಅಜ್ಜ-ಅಜ್ಜಿಯ ಮಾತ್ರೆಗಳೂ ಸೇರಿ ಮನೆಯ ಔಷಧಿ, ಇಲಿ ಪಾಷಾಣ, ಆಸಿಡ್ ಎಲ್ಲಕ್ಕೂ ಬೀಗ ಹಾಕಿ. ಹೇಗೆ, ಯಾವಾಗ ಎಂದೆಲ್ಲ ಯೋಚಿಸಿಟ್ಟಿದ್ದರೆ ಆ ಹೊತ್ತೇ ಆಸ್ಪತ್ರೆಗೆ ಹೊರಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ಚಿಕಿತ್ಸೆ ರಾತ್ರಿಯೂ ಇದೆ.

ಏನಾದರೂ ನುಂಗಿದ್ದರೆ ಹತ್ತಿರದ ದೊಡ್ಡಾಸ್ಪತ್ರೆಗೆ ಓಡಿ. ವಾಂತಿ ಮಾಡಿಸಲು ಹೋಗಬೇಡಿ, ಪೊಟ್ಟಣ ಜೊತೆಗಿರಲಿ. ಮಗು ಚೆನ್ನಾಗಿಯೇ ಕಂಡರೂ ನಂಬಬೇಡಿ, ಕೆಲವು ವಿಷ ತಡವಾಗಿ ಒಳಗನ್ನು ಕೆಡಿಸುತ್ತವೆ. ಪೊಲೀಸ್ ಕೇಸಿಗೆ ಹೆದರಿ ವೈದ್ಯರಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಸಾಯಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. ಬೇರೆಯದು ಸಾಬೀತಾಗದ ಹೊರತು ಶಿಕ್ಷೆಯಿಲ್ಲ.

ಕರೆದೊಯ್ಯಿರಿ

ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ನಿಮ್ಮ ಬರಹದ ಪುಸ್ತಕ ಒಯ್ಯಿರಿ, ಮಗು ವೈದ್ಯರೊಡನೆ ಒಂಟಿಯಾಗಿ ಮಾತಾಡಲು ಬಿಟ್ಟು ಹೊರಗೆ ಕೂರಿ.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆಯೋ ಸಾವಿನ ಮಾತೋ ಹೆಚ್ಚಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಸ್ವಲ್ಪ ಗೆಲುವಾದ ಕೂಡಲೇ ನೀವೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸುವುದು ಬಹಳ ಸಲ ಹೀಗೆಯೇ.

ಮಗುವನ್ನು ಕೇಳಿಕೊಂಡು ಶಾಲೆಯಲ್ಲಿ ನಂಬಿಕೆಯ ಒಬ್ಬ ಟೀಚರ್‌ಗೆ ಮಾತ್ರ ಹೇಳಿ. ಪರೀಕ್ಷೆಯ ಭಯವಿದ್ದರೆ ಇದನ್ನೂ ತಿಳಿಸಿ: ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿವೆ. ಮೊದಲನೆಯದು ಕೈತಪ್ಪಿದರೆ ವರ್ಷ ಹಾಳಾಗುವುದಿಲ್ಲ.