ಮೂಗಿನ್ಯಾಗ ರಕ್ತ ಬಂದು ಸತ್ತ ಕುರಿ ಕೊಯ್ಯಬ್ಯಾಡ್ರಿ: ನನ್ನ ಅನುಭವ

ನಮ್ದು ಕುಷ್ಟಗಿ ತಾಲೂಕು, ಮನ್ಯಾಗ 60ರ ಮ್ಯಾಲೆ ಕೆಂಗುರಿ ಅದಾವ. ಹೋದ ವರ್ಷ ಮುಂಗಾರಿ ಮಳಿ ಬಿದ್ದು ಎಂಟತ್ತು ದಿನ ಆಗಿತ್ತು, ಮುಂಜಾನಿ ದಡ್ಡಿಗೆ ಹೋದ್ರ ಎರಡು ಕುರಿ ಸತ್ತು ಬಿದ್ದಿದ್ವು. ರಾತ್ರಿ ಚೊಲೋ ಮೇವು ತಿಂದಿದ್ವು. ಹೊಟ್ಟಿ ಉಬ್ಬಿತ್ತು, ಒಂದರ ಮೂಗಿನಿಂದ ಕರ್ರಗಿನ ರಕ್ತ ಬಂದಿತ್ತು, ಅದು ಹೆಪ್ಪುಗಟ್ಟದ ನೀರಿನಂಗ ಹರದು ಮಣ್ಣಾಗ ಇಳದಿತ್ತು.

ನಮ್ಮ ಕಾಕಾ ಆಗ್ಲೇ ಚೂರಿ ತಗೊಂಡು ಬಂದಿದ್ದ. ಚರ್ಮಕ್ಕ ನಾಕು ಕಾಸು ಬರ್ತೈತಿ, ಮಾಂಸನೂ ಹಾಳು ಮಾಡೋದ್ಯಾಕ ಅಂದ. "ಕಾಕಾ ಮುಟ್ಟಬ್ಯಾಡ, ನೆರಡಿ ರೋಗ ಇದ್ರ ನಿನಗೂ ಬರ್ತೈತಿ" ಅಂದು ಕೈ ಹಿಡದು ನಿಲ್ಲಿಸಿ ಪಶು ಸಹಾಯವಾಣಿ 1962ಕ್ಕ ಫೋನ್ ಹಚ್ಚಿದೆ.

ಡಾಕ್ಟರ್ ಸಾಹೇಬ್ರು ಬಂದು ಪೋಸ್ಟ್‌ಮಾರ್ಟಂ ಮಾಡ್ಲೇ ಇಲ್ಲ. ಕಿವಿ ತುದಿಗೆ ಸಣ್ಣಗ ಚುಚ್ಚಿ ಒಂದು ಹನಿ ರಕ್ತ ಗಾಜಿನ ಮ್ಯಾಲೆ ಸವರಿಕೊಂಡ್ರು, ಅಷ್ಟ. ಯಾಕ್ರಿ ಸರ್ ಅಂದ್ರ, ನೆರಡಿ ಅಂದ್ರ ಆಂಥ್ರಾಕ್ಸ್, ಹೊಟ್ಟಿ ಕೊಯ್ದು ಗಾಳಿ ತಾಗಿತಂದ್ರ ಆ ರೋಗಾಣು ಬೀಜದಂಗ ಗಟ್ಟಿ ಆಗಿ ಮಣ್ಣಾಗ ಹತ್ತಾರು ವರ್ಷ ಕುಂದರ್ತೈತಿ, ಮುಂದ ಅಲ್ಲೇ ಮೇಯೋ ಕುರಿಗೆ ಮತ್ತ ಹತ್ತತೈತಿ ಅಂದ್ರು. ಆಮ್ಯಾಲೆ ಲ್ಯಾಬಿಂದನೂ ನೆರಡಿ ಅಂತಾನೇ ಬಂತು.

ಹೂಳೋದ್ರಾಗ ನಾನು ಮೊದ್ಲು ಒಮ್ಮೆ ತಪ್ಪು ಮಾಡಿದ್ದೆ. ಎರಡು ವರ್ಷದ ಹಿಂದ ಎತ್ತು ಸತ್ತಾಗ ಹಳ್ಳದ ದಂಡಿಗೆ ಮಣ್ಣು ಮೆತ್ತಗ ಐತಿ ಅಂತ ಮೂರು ಫೂಟು ತೆಗ್ಗು ತೋಡಿ ಮುಚ್ಚಿ ಬಂದಿದ್ವಿ, ಮೂರನೇ ದಿನಕ್ಕ ನಾಯಿಗೋಳು ಕೆದರಿ ಕಾಲು ಎಳದು ಊರ ತನಕ ತಂದಿದ್ವು, ಉಳಿದಿದ್ದು ಮಳಿಗೆ ಹಳ್ಳ ಸೇರಿತು, ಅದೇ ನೀರು ಮುಂದ ದನ ಕುಡಿತಾವ. ಇವತ್ತಿಗೂ ಅದನ್ನ ನೆನಸಿದ್ರ ಸಂಕಟ ಆಗ್ತೈತಿ. (ಅಜ್ಜನ ಕಾಲಕ್ಕ ರಣಹದ್ದು ಇಳದು ಒಂದೇ ದಿನದಾಗ ಎಲುಬು ಅಷ್ಟ ಉಳಸ್ತಿದ್ವಂತ. ಅವಕ್ಕ ವಿಷ ಆಗಿದ್ದು ದನಕ್ಕ ಹಾಕ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ, ದನಕ್ಕ ಹಾಕೋದನ್ನ 2006ರಾಗ ಬ್ಯಾನ್ ಮಾಡಿದ್ರು, ಆದ್ರ ಅಷ್ಟೊತ್ತಿಗೆ ಹದ್ದು ಹೋಗಿದ್ವು, ನಾಯಿ ಹೆಚ್ಚಾದ್ವು.)

ಈ ಸಲ ಜೆಸಿಬಿ ಕರಸಿದ್ವಿ. ಬೋರ್‌ವೆಲ್, ಹಳ್ಳ ಎರಡಕ್ಕೂ ದೂರ, ನೀರು ನಿಲ್ಲದ ಮಸಾರಿ ದಿಬ್ಬದ ಮ್ಯಾಲೆ ಆರು ಫೂಟಿಗಿಂತ ಹೆಚ್ಚು ಆಳ ತೆಗಸಿದ್ವಿ. ಕುರಿ ಮೂಗಿಗೆ, ಹಿಂದಕ್ಕ ಔಷಧದಾಗ ಅದ್ದಿದ ಅರಳಿ ತುರುಕಿ, ದಪ್ಪ ಪ್ಲಾಸ್ಟಿಕ್ ತಾಡಪತ್ರಿಯಾಗ ಸುತ್ತಿ ಟ್ರಾಲಿಯಾಗ ಒಯ್ದ್ವಿ, ನೆಲದ ಮ್ಯಾಲೆ ಎಳಿಲಿಲ್ಲ. ರಕ್ತ ಬಿದ್ದ ಮಣ್ಣಿಗೆ ಡಾಕ್ಟರು ಫಾರ್ಮಲಿನ್ ಹಾಕಿಸಿದ್ರು, ಆಮ್ಯಾಲೆ ಆ ಮಣ್ಣನ್ನೂ, ಅಲ್ಲಿ ಇದ್ದ ಮೇವನ್ನೂ ಸಲಿಕಿಲೆ ಬಳದು ಅದೇ ಕುಣಿಗೆ ಹಾಕಿದ್ವಿ. ಕೈಗವುಸು, ಮಾಸ್ಕ್ ಎಲ್ಲಾರಿಗೂ. ಕೈ ಮ್ಯಾಲೆ ನಡುವ ಕರ್ರಗಾದ ಹುಣ್ಣು ಎದ್ರ ತಡ ಮಾಡ್ದ ಸರಕಾರಿ ದವಾಖಾನಿಗೆ ಹೋಗ್ರಿ ಅಂತ ಹೇಳಿ ಹೋದ್ರು.

ಉಳಿದ ಕುರಿಗೆ ಮೊದ್ಲು ಪೆನ್ಸಿಲಿನ್, ಅದು ಮುಗದ ಕೆಲವು ದಿನಕ್ಕ ಲಸಿಕೆ. ಎರಡೂ ಕೂಡೇ ಹಾಕಬಾರದು, ಲಸಿಕ್ಯಾಗ ಇರೋದು ಜೀವಂತ ರೋಗಾಣು, ಔಷಧ ಅದನ್ನೂ ಕೊಲ್ತೈತಿ.

ಕಾಲುವಿ ದಂಡ್ಯಾಗ ಇರೋರಿಗೆ ಕೈ ಮುಗದು ಕೇಳ್ತೀನಿ, ಸತ್ತ ದನಾನ ತುಂಗಭದ್ರಾ ಎಡದಂಡೆ ಕಾಲುವಿಗೆ ತಳ್ಳಬ್ಯಾಡ್ರಿ. ಸಿಂಧನೂರು, ಮಾನ್ವಿ ಕಡಿ ಎಷ್ಟೋ ಊರಿನ ಕುಡಿಯೋ ನೀರಿನ ಕೆರಿ ಅದರಿಂದನೇ ತುಂಬತಾವ. ರೋಗದಿಂದ ಸತ್ತಿದ್ದು ಗೊತ್ತಿದ್ದೂ ನೀರಿಗೆ ಹಾಕೋದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಪ್ರಕಾರ ಅಪರಾಧನೂ ಹೌದು.

ರೊಕ್ಕದ ಮಾತು: ಕುರಿ, ದನ ಸತ್ರ ಸರಕಾರ ಪರಿಹಾರ ಕೊಡೋ ಅನುಗ್ರಹ ಯೋಜನ್ಯಾಗ ದೊಡ್ಡ ಕುರಿಗೆ ಇದ್ದ 5,000 ಪರಿಹಾರನ 2025ರ ಬಜೆಟ್‌ನ್ಯಾಗ 7,500 ಮಾಡಿದ್ರು. ಡಾಕ್ಟರು ಬಂದು ನೋಡೋಕಿಂತ ಮುಂಚೆ ಹೂಳಬ್ಯಾಡ್ರಿ, ಅವರ ಬರಹ ಇಲ್ದ ಅರ್ಜಿ ಮುಂದ ಹೋಗಂಗಿಲ್ಲ.

ಕುಣಿ ಮ್ಯಾಲೆ ಕಲ್ಲು ಹೇರಿ ಸುತ್ತ ಬಳ್ಳಾರಿ ಜಾಲಿ ಮುಳ್ಳು ಹಚ್ಚೀವಿ. ಈಗ ಅಮಾಸಿಗೊಮ್ಮೆ ಕಾಕಾನೇ ಹೋಗಿ ಸರಿದ ಮುಳ್ಳು ಸರಿ ಮಾಡಿ ಬರ್ತಾನ, ಕುರಿ ಆ ಕಡಿ ತಿರುಗಿದ್ರೂ ಒದರ್ತಾನ.