ಸುಲಾಜ್ ದಾರಿಯ ಕಪ್ಪು: ತೂತು ಬಿದ್ದ ತಾಮ್ರದ ಪ್ಲೇಟಿನಿಂದ ಅಕ್ವಾಟಿಂಟ್ ಮುದ್ರಣ

ಫ್ರಾನ್ಸಿನ ಚಿತ್ರಕಾರ ಪಿಯೇರ್ ಸುಲಾಜ್ (1919–2022) 1950ರ ದಶಕದಲ್ಲಿ ಪ್ಯಾರಿಸ್ಸಿನ ಲಾಕೂರಿಯೇರ್ ಕಾರ್ಯಾಗಾರದಲ್ಲಿ ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್ಡಿನಿಂದ ಕೊರೆದು, ಹಳ್ಳಗಳಿಗೆ ಮಸಿ ತುಂಬಿ ಮುದ್ರಿಸುವುದು) ಮಾಡುವಾಗ, ಆಸಿಡ್ ತಾಮ್ರವನ್ನು ತಿಂದು ತೂತು ಮಾಡುವವರೆಗೂ ಬಿಟ್ಟರು. ತೂತಾದ ಕಡೆ ಮಸಿ ಇರುವುದಿಲ್ಲ. ಒದ್ದೆ ಕಾಗದ ಅದರೊಳಗೆ ಒತ್ತಿಕೊಂಡು ಬಿಳಿಯಾಗಿ ಉಬ್ಬುತ್ತದೆ, ಪಕ್ಕದ ಕಪ್ಪು ಇನ್ನಷ್ಟು ಗಾಢವಾಗಿ ಕಾಣುತ್ತದೆ. ರೊಡೆಜ್ ಊರಿನಲ್ಲಿ 2014ರಲ್ಲಿ ತೆರೆದ ಸುಲಾಜ್ ಮ್ಯೂಸಿಯಂನಲ್ಲಿ ಅವರ ಎಚಿಂಗ್‌ಗಳ ಸಂಗ್ರಹವಿದೆ. ಈ ಬಗೆಯ ಮುದ್ರಣದಲ್ಲಿ ಕಪ್ಪು ಹುಟ್ಟುವುದು ಪ್ಲೇಟಿನ ಆಳದಲ್ಲಿ. ಪ್ಲೇಟು ಸರಿಯಾಗಿ ಕೊರೆದಿಲ್ಲವೆಂದರೆ ದುಬಾರಿ ಮಸಿ ತಂದರೂ ಬೂದು ಬಣ್ಣವೇ ಗತಿ.

0.8 ಮಿ.ಮೀ. ದಪ್ಪದ ತಾಮ್ರದ ಪ್ಲೇಟು ತೆಗೆದುಕೊಳ್ಳಿ, 1.2 ಮಿ.ಮೀ. ಆದರೆ ತೂತು ಬೀಳುವುದು ಬಹಳ ನಿಧಾನ. ಅಂಚುಗಳನ್ನು ಅರದಿಂದ ಸುಮಾರು 45 ಡಿಗ್ರಿ ಇಳಿಜಾರಾಗಿ ಉಜ್ಜಿ, ಇಲ್ಲವಾದರೆ ಕಾಗದವೂ ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹೊದಿಸುವ ದಪ್ಪ ಬಟ್ಟೆಯಾದ ಫೆಲ್ಟೂ ಹರಿಯುತ್ತವೆ. ಸೀಮೆಸುಣ್ಣದ ಪುಡಿಗೆ ನೀರು, ಸ್ವಲ್ಪ ಅಮೋನಿಯಾ ಬೆರೆಸಿ ಮೇಲ್ಮೈ ತಿಕ್ಕಿ ತೊಳೆಯಿರಿ. ನೀರು ಹನಿಹನಿಯಾಗಿ ಒಡೆಯದೆ ಒಂದೇ ಪದರವಾಗಿ ಹರಿದರೆ ಜಿಡ್ಡು ಹೋಗಿದೆ ಎಂದರ್ಥ.

ತೂತು ಮೊದಲು, ಅಕ್ವಾಟಿಂಟ್ (ಪ್ಲೇಟಿಗೆ ರಾಳದ ಪುಡಿ ಅಂಟಿಸಿ, ಕಣಗಳ ಸುತ್ತ ಕೊರೆದು ಬೂದು, ಕಪ್ಪು ಛಾಯೆ ಪಡೆಯುವುದು) ಆಮೇಲೆ. ತೂತು ಬೇಕಾದ ಆಕಾರವನ್ನು ಮಾತ್ರ ತೆರೆದಿಟ್ಟು ಉಳಿದ ಭಾಗಕ್ಕೆ ಆಸಿಡ್ ತಾಗದಂತೆ ತಡೆಯುವ ಬಿಟುಮೆನ್ ವಾರ್ನಿಶ್ ಬಳಿಯಿರಿ, ಹಿಂಬದಿಗೆ ಪ್ಯಾಕಿಂಗ್ ಟೇಪು ಅಂಟಿಸಿ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ (ಮುಂದೆ ಆಸಿಡ್ ಎಂದಿರುವುದು ಇದನ್ನೇ) ಪ್ಲೇಟನ್ನು ಮುಖ ಕೆಳಗಾಗಿ, ಮೂಲೆಗಳಿಗೆ ಆನಿಕೆ ಕೊಟ್ಟು ಇಳಿಸಿ. ಮುಖ ಮೇಲಾಗಿಟ್ಟರೆ ಕಂದು ಗಸಿ ಹಳ್ಳದಲ್ಲಿ ಕೂತು ಕೊರೆತವೇ ನಿಲ್ಲುತ್ತದೆ. ಇದು ಗಂಟೆಗಟ್ಟಲೆಯ ಕೆಲಸ; ಆಗಾಗ ಎತ್ತಿ ತೊಳೆದು, ವಾರ್ನಿಶ್ ಬಿಟ್ಟ ಕಡೆ ಮತ್ತೆ ಬಳಿಯಿರಿ. ಆಸಿಡ್ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುವುದರಿಂದ ಆಕಾರವನ್ನು ಸ್ವಲ್ಪ ಚಿಕ್ಕದಾಗಿಯೇ ಬರೆದುಕೊಳ್ಳಿ. ಒರಟೊರಟಾಗಿ ಬಂದ ಅಂಚು ಈ ಮುದ್ರಣದ ಸೊಗಸು, ಅದನ್ನು ನೇರ ಮಾಡಲು ಹೋಗಬೇಡಿ. ಕೈಗೆ ಚುಚ್ಚುವ ಮೊನೆಯನ್ನಷ್ಟೇ ಅರದಿಂದ ತೆಗೆಯಿರಿ.

ಇನ್ನು ರಾಳ. ಟೇಪು, ವಾರ್ನಿಶ್ ಎಲ್ಲ ತೆಗೆದು ಮತ್ತೆ ಜಿಡ್ಡು ತೊಳೆದು ಒಣಗಿಸಿ. ನುಣ್ಣಗಿನ ರಾಳದ ಪುಡಿಯನ್ನು ಬಟ್ಟೆಯ ಗಂಟಿನಿಂದ ತಟ್ಟಿ ಉದುರಿಸಿ. ಮೇಲ್ಮೈಯ ಸುಮಾರು ಅರ್ಧ ಭಾಗ ಮುಚ್ಚಿದರೆ ಸಾಕು. ಮಾಸ್ಕ್ ಕಡ್ಡಾಯ. ಗಾಳಿಯಲ್ಲಿ ತೇಲುವ ರಾಳದ ಪುಡಿಗೆ ಬೆಂಕಿ ತಗುಲಿದರೆ ಭಗ್ಗೆನ್ನುತ್ತದೆ, ಹಾಗಾಗಿ ಉದುರಿಸುವ ಜಾಗವೂ ಒಲೆಯೂ ದೂರವಿರಲಿ. ಪ್ಲೇಟನ್ನು ಕೆಳಗಿನಿಂದ ಬಿಸಿ ಮಾಡಿ. ಬಿಳಿ ಪುಡಿ ಪಾರದರ್ಶಕವಾಗಿ ಮಿನುಗಿದ ಕ್ಷಣವೇ ಇಳಿಸಿ. ಇನ್ನೂ ಬಿಸಿಯಾದರೆ ಕಣಗಳು ಕರಗಿ ಒಂದಕ್ಕೊಂದು ಕೂಡಿಕೊಂಡು ಆಸಿಡ್ಡಿಗೆ ದಾರಿಯೇ ಉಳಿಯುವುದಿಲ್ಲ. ಆರಿದ ಮೇಲೆ ಹಿಂಬದಿಗೆ ಟೇಪು ಹಚ್ಚಿ, ತೂತಿನ ಹಿಂದೆಯೂ.

ಅದೇ ತಾಮ್ರದ ತುಂಡೊಂದಕ್ಕೂ ರಾಳ ಹಾಕಿ, ಪಟ್ಟೆಪಟ್ಟೆಯಾಗಿ ವಾರ್ನಿಶ್ ಮುಚ್ಚುತ್ತ ½, 1, 2, 4, 8, 16 ನಿಮಿಷ ಕೊರೆದು ಮುದ್ರಿಸಿ ನೋಡಿ. ದ್ರಾವಣದ ವಯಸ್ಸು, ಕೋಣೆಯ ಉಷ್ಣತೆ ಬದಲಾದಂತೆ ಸಮಯವೂ ಬದಲಾಗುತ್ತದೆ. ಇನ್ನೊಬ್ಬರ ಪಟ್ಟಿ ನಿಮಗೆ ಆಗಿಬರುವುದಿಲ್ಲ. ಮುಖ್ಯ ಪ್ಲೇಟಿನಲ್ಲಿ ಬಿಳಿ ಉಳಿಯಬೇಕಾದ ಕಡೆ ಮೊದಲು ವಾರ್ನಿಶ್ ಬಳಿದು ದ್ರಾವಣಕ್ಕೆ ಇಳಿಸಿ. ಆಮೇಲೆ ತಿಳಿ ಬೂದು, ನಂತರ ನಡು ಬೂದು ಎಂದು ಒಂದೊಂದಾಗಿ ಮುಚ್ಚುತ್ತ ಬನ್ನಿ. ಪ್ರತಿ ಸಲ ವಾರ್ನಿಶ್ ಪೂರ್ತಿ ಒಣಗಿರಲಿ.

ಹೆಚ್ಚಿನವರು ಎಡವುವುದು ಕಡುಗಪ್ಪಿನಲ್ಲಿ. ಆಸಿಡ್ ಪ್ರತಿ ರಾಳದ ಕಣದ ಸುತ್ತ ತಿಂದಾಗ ಉಳಿಯುವ ಸಣ್ಣ ಶಿಖರಗಳ ನಡುವೆ ಮಸಿ ನಿಲ್ಲುತ್ತದೆ. ಕೊರೆತ ಅತಿಯಾದರೆ ಶಿಖರಗಳ ಬುಡವೇ ಕರಗಿ ಚಪ್ಪಟೆ ಹಳ್ಳವಾಗುತ್ತದೆ. ಒರೆಸುವ ಬಟ್ಟೆ ನಡುವಿನ ಮಸಿಯನ್ನೆಲ್ಲ ಎತ್ತಿಕೊಂಡು ಅಂಚಿನಲ್ಲಿ ಮಾತ್ರ ಕಪ್ಪು ಗೆರೆ ಉಳಿಯುತ್ತದೆ. ಆದ್ದರಿಂದ 16–20 ನಿಮಿಷಕ್ಕೆ ನಿಲ್ಲಿಸಿ, ರಾಳವನ್ನು ಸ್ಪಿರಿಟ್ಟಿನಿಂದಲೂ ವಾರ್ನಿಶನ್ನು ಟರ್ಪೆಂಟೈನ್‌ನಿಂದಲೂ ತೆಗೆದು, ಜಿಡ್ಡು ತೊಳೆದು, ಹೊಸದಾಗಿ ರಾಳ ಹಾಕಿ. ಕಪ್ಪಿನ ಭಾಗವನ್ನಷ್ಟೇ ತೆರೆದಿಟ್ಟು ಇನ್ನೂ 10–15 ನಿಮಿಷ ಕೊರೆಯಿರಿ. ಬೆರಳ ತುದಿಗೆ ನಯವಾದ ಮರಳುಕಾಗದದ ಹಾಗೆ ತರಿತರಿಯಾಗಿ ಸಿಕ್ಕಿದರೆ ಕಪ್ಪು ಹಿಡಿಯುತ್ತದೆ.

ಚದರ ಮೀಟರಿಗೆ 250–300 ಗ್ರಾಂ ತೂಕದ ಹತ್ತಿಯ ಕಾಗದವನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ಹೊಳಪು ಹೋಗುವವರೆಗೆ ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ. ಪ್ಲೇಟನ್ನು ತುಸು ಬೆಚ್ಚಗೆ ಮಾಡಿ, ಮಸಿಯನ್ನು ರಟ್ಟಿನ ತುಂಡಿನಿಂದ ಹಳ್ಳಗಳಿಗೆ ತುಂಬಿ, ಗಂಜಿ ಹಾಕಿದ ತೆಳು ಜಾಳು ಬಟ್ಟೆಯಿಂದ ಸುತ್ತುಸುತ್ತಾಗಿ ಒರೆಸಿ. ತೂತಿನ ಒಳಗೋಡೆಯಲ್ಲಿ ಅಡಗಿದ ಮಸಿಯನ್ನು ಚಿಂದಿಯಿಂದ ತೆಗೆಯದಿದ್ದರೆ ಬಿಳಿಯೊಳಕ್ಕೆ ಹರಡುತ್ತದೆ. ಉಬ್ಬು ಚೆನ್ನಾಗಿ ಮೂಡಲು ಮೇಲೆ ಮೆತ್ತನೆಯ ದಪ್ಪ ಫೆಲ್ಟ್ ಇರಲಿ. ತೂತಿನ ಅಂಚಿನಲ್ಲಿ ಕಾಗದ ಸೀಳಿದರೆ ಒತ್ತಡ ಇಳಿಸಿ, ಅಂಚನ್ನು ಇನ್ನಷ್ಟು ಉಜ್ಜಿ. ಒಣಗಿಸುವಾಗ ಭಾರ ಹೇರಬೇಡಿ, ಉಬ್ಬು ಚಪ್ಪಟೆಯಾಗುತ್ತದೆ. ಕಾಗದದ ಅಂಚುಗಳನ್ನು ಹಲಗೆಗೆ ಗೋಂದಿನ ಟೇಪಿನಿಂದ ಬಿಗಿದು ಹಾಗೇ ಬಿಡಿ.

ಬಳಸಿದ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ. ಮೋರಿಗೆ ಸುರಿಯದೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿಟ್ಟು, ರಾಸಾಯನಿಕ ತ್ಯಾಜ್ಯ ಪಡೆಯುವವರಿಗೇ ಕೊಡಿ.